ಮರದ ಚಾವಣಿಗೆ ಹೀಟ್ ಕೇಬಲ್: ಎರಡನೇ ಸಲ ಸರಿಹೋಯಿತು

ಮರದ ಬಿಲ್ಲೆ ಹೊದಿಸಿದ ಚಾವಣಿ ನಮ್ಮದು. ಹಿಮ ಬಿದ್ದರೆ ಸೂರಿನಂಚಿನಲ್ಲಿ ಮಂಜುಗಡ್ಡೆ ಕಟ್ಟಿ, ಕರಗಿದ ನೀರು ಹಿಂದಕ್ಕೆ ನುಗ್ಗಿ ಗೋಡೆಗೆ ಇಳಿಯುತ್ತಿತ್ತು.

ಅದಕ್ಕೇ ಹೀಟ್ ಕೇಬಲ್, ಅಂದರೆ ಕರೆಂಟಿನಿಂದ ಕಾದು ಹಿಮ ಕರಗಿಸುವ ತಂತಿ, ಹಾಕಿಸಲು ಹೊರಟೆ. ಮೊದಲು ತಂದದ್ದು ಒಂದೇ ಸಮನೆ ಕಾಯುವ ಅಗ್ಗದ ಕೇಬಲ್. ಮರಕ್ಕೆ ಬೇಡ ಅಂತ ಡಬ್ಬದ ಮೇಲೇ ಬರೆದಿತ್ತು, ನಾನು ಓದಿರಲಿಲ್ಲ. ಒಂದು ಕಡೆ ಎರಡು ಎಳೆ ಒಂದರ ಮೇಲೊಂದು ಬಿದ್ದಿದ್ದವು. ಹಿಮ ಕರಗಿದ ಮೇಲೆ ತೆಗೆದು ನೋಡಿದರೆ ಕೇಬಲ್ಲಿನ ಹೊದಿಕೆ ಮೆತ್ತಗಾಗಿ, ಕೆಳಗಿನ ಮರ ಕಂದಾಗಿತ್ತು. ಎದೆ ಧಸಕ್ಕೆಂದಿತು.

ಈಗಿರುವುದು ಸೆಲ್ಫ್ ರೆಗ್ಯುಲೇಟಿಂಗ್ ಕೇಬಲ್. ಚಳಿ ಜಾಸ್ತಿಯಾದರೆ ಬಿಸಿ ಹೆಚ್ಚಿಸುತ್ತದೆ, ಬೆಚ್ಚಗಾದ ಕಡೆ ತಾನೇ ತಗ್ಗಿಸುತ್ತದೆ. ಮರದ ಚಾವಣಿಗೆ ಹಾಕಬಹುದೆಂದು ಇದರ ಪುಸ್ತಿಕೆಯಲ್ಲೇ ಇದೆ. ಹಾಗೆ ಬರೆದಿರದಿದ್ದರೆ ಕೊಳ್ಳಲೇಬೇಡಿ. ಕೇಬಲ್‌ಗೆ ಮೊಳೆ, ಸ್ಟೇಪಲ್ ಹೊಡೆಯುವಂತಿಲ್ಲ. ಜೊತೆಗೆ ಬರುವ ಕ್ಲಿಪ್‌ಗಳು ಗಟ್ಟಿಯಾಗಿವೆ, ಆದರೆ ಕೈಗವಸು ಹಾಕಿಕೊಂಡು ಕೂರಿಸುವುದು ಕಷ್ಟ. ಚಳಿ ಶುರುವಾಗುವ ಮೊದಲೇ, ಚಾವಣಿ ಒಣಗಿರುವಾಗ ಮುಗಿಸಿಬಿಡಿ. ಸೂರಿನುದ್ದಕ್ಕೂ ಅಂಕುಡೊಂಕಾಗಿ ಎಳೆದು, ನೀರಿಳಿಯುವ ಪೈಪಿನ ತಳದವರೆಗೂ ಬಿಡಬೇಕು. ಇಲ್ಲದಿದ್ದರೆ ಕರಗಿದ ನೀರು ಪೈಪಿನಲ್ಲೇ ಮತ್ತೆ ಹೆಪ್ಪುಗಟ್ಟುತ್ತದೆ, ಅಲ್ವಾ? ಸೂರಿನ ನೀರು ಹಿಡಿಯುವ ದೋಣಿಯಲ್ಲಿ ಒಣ ಎಲೆ ಉಳಿಯದಂತೆ ಗುಡಿಸುವುದನ್ನು ಮರೆಯಬೇಡಿ. ಬೆಂಕಿಗೆ ಅದೇ ಸಾಕು.

ವೈರಿಂಗ್ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿದೆ. ಕರೆಂಟ್ ಸೋರಿದ ಕೂಡಲೇ ಕಡಿಯುವ ಬ್ರೇಕರ್ ಇರಲೇಬೇಕು. ಎಕ್ಸ್‌ಟೆನ್ಶನ್ ವೈರ್ ಬೇಡವೇ ಬೇಡ.

ಒಂದೇ ಕೊರತೆ, ಚಳಿ ನೋಡಿ ಕರೆಂಟನ್ನು ತಾನೇ ಹಾಕಿ ಆರಿಸುವ ಥರ್ಮೋಸ್ಟಾಟ್ ಜೊತೆಗೆ ಕೊಡುವುದಿಲ್ಲ. ಕೇಬಲ್ ಬಿಸಿ ತಗ್ಗಿಸುತ್ತದೆಯೇ ಹೊರತು ತಾನಾಗಿ ಆರುವುದಿಲ್ಲ, ಅದಿಲ್ಲದೆ ಸುಮ್ನೆ ಕರೆಂಟ್ ಎಳೆಯುತ್ತಲೇ ಇರುತ್ತದೆ. ಬೇರೆಯಾಗಿ ತಂದು ಹಾಕಿಸಿದೆ. ಈ ಸಲ ಗೋಡೆಗೆ ಒಂದು ಹನಿ ನೀರೂ ಇಳಿಯಲಿಲ್ಲ.