ಹಳೆಯ ಲ್ಯಾಪ್‌ಟಾಪ್‌ಗೆ ವಿಂಡೋಸ್ 11 ಸರಿಯೋ, ಲಿನಕ್ಸ್ ಮಿಂಟ್ ಸರಿಯೋ?

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮುಂದೆ ವಿಂಡೋಸ್ 11 ಹಾಕಬೇಕೇ, ಲಿನಕ್ಸ್ ಆಧಾರಿತ ಉಚಿತ ಆಪರೇಟಿಂಗ್ ಸಿಸ್ಟಂ ಆದ ಮಿಂಟ್ ಹಾಕಬೇಕೇ ಎಂದು ಯೋಚಿಸುವವರು ಸಾಮಾನ್ಯವಾಗಿ ಪರದೆಯ ಅಂದ ನೋಡಿ ತೀರ್ಮಾನಿಸುತ್ತಾರೆ. ಪರದೆಗೆ ಒಂದು ವಾರದಲ್ಲಿ ಕಣ್ಣು ಒಗ್ಗುತ್ತದೆ. ಆದರೆ ಡ್ರೈವರ್ (ಸಾಧನವನ್ನು ನಡೆಸುವ ತಂತ್ರಾಂಶ) ಇಲ್ಲದ ಪ್ರಿಂಟರ್‌ಗೆ ಯಾರೂ ಒಗ್ಗಲಾರರು.

ಪರದೆಯ ಮಾತು ಚಿಕ್ಕದು. ವಿಂಡೋಸ್ 11ರಲ್ಲಿ ಸ್ಟಾರ್ಟ್ ಬಟನ್ ನಡುವೆ ಕೂತಿದೆ; ಸೆಟ್ಟಿಂಗ್ಸ್‌ನ ಟಾಸ್ಕ್‌ಬಾರ್ ವಿಭಾಗದಲ್ಲಿ ಎಡಕ್ಕೆ ತರಬಹುದು. ರೈಟ್ ಕ್ಲಿಕ್ ಮೆನು ಅರ್ಧವೇ ತೆರೆಯುತ್ತದೆ, ಪೂರ್ತಿ ಬೇಕಾದರೆ ಶಿಫ್ಟ್ ಜೊತೆ ಎಫ್10 ಒತ್ತಬೇಕು. ಮಿಂಟ್ 22ರ ಸಿನಮನ್ ಎಂಬ ಪರದೆ ವಿನ್ಯಾಸ ವಿಂಡೋಸ್ 7 ಬಳಸಿದವರಿಗೆ ಪರಿಚಿತವೇ ಅನಿಸುತ್ತದೆ. ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪ್ ಮಾಡಿ ರೂಢಿಯಾದವರಿಗೆ ಮಿಂಟ್‌ನ ಕೀಬೋರ್ಡ್ ಪಟ್ಟಿಯಲ್ಲೇ ಕಗಪ ಎಂಬ ಕೀಲಿ ವಿನ್ಯಾಸ ಇದೆ.

ಡ್ರೈವರ್ ವಿಷಯಕ್ಕೆ ಬಂದರೆ, ವಿಂಡೋಸ್ 11ಕ್ಕೆ ಹಳೆಯ ಬಗೆಯ 32 ಬಿಟ್ ಆವೃತ್ತಿಯೇ ಇಲ್ಲ, 64 ಬಿಟ್ ವಿಂಡೋಸ್ 32 ಬಿಟ್ ಡ್ರೈವರ್ ಒಪ್ಪುವುದಿಲ್ಲ. ಹಾಗಾಗಿ 32 ಬಿಟ್ ಡ್ರೈವರ್ ಮಾತ್ರ ಇರುವ ಕ್ಯಾನೋಸ್ಕ್ಯಾನ್ ಲೈಡ್ 20ರಂಥ ಸ್ಕ್ಯಾನರ್ ಅಲ್ಲಿ ಸುಮ್ಮನೆ ಕೂರುತ್ತದೆ. ಮಿಂಟ್‌ನಲ್ಲಿ ಸೇನ್ ಎಂಬ ಸ್ಕ್ಯಾನರ್ ತಂತ್ರಾಂಶದ ಮೂಲಕ ಅದೇ ಸ್ಕ್ಯಾನರ್ ನಡೆಯುತ್ತದೆ. ವಿಂಡೋಸ್ ಸೆಕ್ಯೂರಿಟಿಯ ಕೋರ್ ಐಸೊಲೇಷನ್ ಪುಟದಲ್ಲಿ ಮೆಮೊರಿ ಇಂಟೆಗ್ರಿಟಿ ಎಂಬ ರಕ್ಷಣೆ ಆನ್ ಇದ್ದರೆ ಕೆಲವು ಹಳೆಯ 64 ಬಿಟ್ ಡ್ರೈವರ್‌ಗಳೂ ಲೋಡ್ ಆಗವು. ಯಾವುದು ಅಡ್ಡ ಎಂಬ ಪಟ್ಟಿ ಅದೇ ಪುಟದಲ್ಲಿ ಸಿಗುತ್ತದೆ.

ಮಿಂಟ್‌ನ ತೊಡಕುಗಳು ಬೇರೆ. ಬ್ರಾಡ್‌ಕಾಮ್ 43142 ಎಂಬ ವೈಫೈ ಚಿಪ್ ಇದ್ದರೆ ಮೊದಲ ದಿನ ನೆಟ್ ಸಿಗುವುದಿಲ್ಲ. ಫೋನನ್ನು ಯುಎಸ್‌ಬಿ ಟೆದರಿಂಗ್‌ನಲ್ಲಿ (ಕೇಬಲ್ ಮೂಲಕ ಫೋನಿನ ನೆಟ್ ಹಂಚಿ) ಜೋಡಿಸಿ, ಡ್ರೈವರ್ ಮ್ಯಾನೇಜರ್‌ನಿಂದ ಹಾಕಿಕೊಳ್ಳಿ. ಸೆಕ್ಯೂರ್ ಬೂಟ್ (ಸಹಿ ಇಲ್ಲದ ತಂತ್ರಾಂಶವನ್ನು ತಡೆಯುವ ರಕ್ಷಣೆ) ಆನ್ ಇದ್ದರೆ ಹೊಸದೊಂದು ಪಾಸ್‌ವರ್ಡ್ ಇಡಲು ಕೇಳುತ್ತದೆ. ರೀಸ್ಟಾರ್ಟ್ ಆದಾಗ ಬರುವ ನೀಲಿ ಪರದೆಯಲ್ಲಿ 'ಎನ್‌ರೋಲ್ ಎಂಒಕೆ' ಆರಿಸಿ ಆ ಪಾಸ್‌ವರ್ಡನ್ನೇ ಕೊಡಬೇಕು. ಅಲ್ಲಿ ಆತುರದಿಂದ ಮುಂದುವರಿದರೆ ಡ್ರೈವರ್ ಇದ್ದೂ ಕೆಲಸ ಮಾಡದು.

ಎಚ್‌ಪಿ ಲೇಸರ್‌ಜೆಟ್ 1020 ಪ್ರಿಂಟರ್ ತನ್ನೊಳಗೆ ಫರ್ಮ್‌ವೇರ್ (ಅದನ್ನು ಒಳಗಿನಿಂದ ನಡೆಸುವ ತಂತ್ರಾಂಶ) ಉಳಿಸಿಕೊಳ್ಳುವುದಿಲ್ಲ. ಪ್ರತಿ ಬಾರಿ ಆನ್ ಆದಾಗ ಕಂಪ್ಯೂಟರ್ ಅದನ್ನು ಕಳಿಸಬೇಕು. ಮಿಂಟ್‌ನಲ್ಲಿ ಇದಕ್ಕೆ ಎಚ್‌ಪಿಲಿಪ್ ಎಂಬ ಎಚ್‌ಪಿ ಪ್ರಿಂಟರ್ ತಂತ್ರಾಂಶದ ಜೊತೆ ಅದರ ಪ್ಲಗಿನ್ ಬೇಕು, ಎರಡರ ಆವೃತ್ತಿ ಸಂಖ್ಯೆಯೂ ಒಂದೇ ಇರಬೇಕು. ಅಪ್‌ಡೇಟ್ ಆದ ಮೇಲೆ ಪ್ರಿಂಟ್ ನಿಂತರೆ ಪ್ಲಗಿನ್ ಮತ್ತೆ ಹಾಕಿ.

ಅಂಗಡಿ, ಕಚೇರಿಗಳಲ್ಲಿ ಇಂದಿಗೂ ಕಾಣುವ ಕ್ಯಾನನ್ ಎಲ್‌ಬಿಪಿ 2900 ಪ್ರಿಂಟರ್ ಇದ್ದರೆ ನನ್ನ ಮತ ವಿಂಡೋಸ್‌ಗೆ. ಲಿನಕ್ಸ್‌ಗಿರುವ ಕ್ಯಾನನ್‌ನ ಕ್ಯಾಪ್ಟ್ ಡ್ರೈವರ್ 32 ಬಿಟ್ ಲೈಬ್ರರಿ ಕೇಳುತ್ತದೆ, ಪ್ರಿಂಟರ್ ಆಫ್ ಮಾಡಿ ಆನ್ ಮಾಡಿದರೆ ಸಂಪರ್ಕ ಕಡಿದುಕೊಳ್ಳುವುದೂ ಉಂಟು. ಆದರೆ ಇಂಟೆಲ್ 8ನೇ ತಲೆಮಾರಿಗಿಂತ ಹಳೆಯ ಪ್ರೊಸೆಸರ್ ಆದರೆ ಅಥವಾ ಟಿಪಿಎಂ 2.0 (ಭದ್ರತಾ ಚಿಪ್) ಇಲ್ಲದಿದ್ದರೆ ವಿಂಡೋಸ್ 11ಕ್ಕೆ ಸಾಮಾನ್ಯವಾಗಿ ಅಧಿಕೃತ ದಾರಿ ಇಲ್ಲ. ಆಗ ಮಿಂಟ್ ಹಾಕಿ, ಪ್ರಿಂಟರ್ ಬದಲಿಸಿ: ಬೇರೆ ಡ್ರೈವರ್ ಬೇಡದ ಡ್ರೈವರ್‌ಲೆಸ್ ಐಪಿಪಿ ಅಥವಾ ಏರ್‌ಪ್ರಿಂಟ್ ಬೆಂಬಲವಿದೆ ಎಂದು ಪೆಟ್ಟಿಗೆಯ ಮೇಲೆ ಓದಿ ಕೊಳ್ಳಿ.