ಇಪ್ಪತ್ತೊಂದು ತುಂಬುವ ಮುನ್ನ: ವಲಸೆ ವಕೀಲರ ಕಚೇರಿಯೊಂದರ ಸಲಹಾ ಸೇವೆ

ನ್ಯೂಜೆರ್ಸಿಯ ವಲಸೆ ವಕೀಲರ ಕಚೇರಿಯೊಂದರಲ್ಲಿ ಕಳೆದ ಚಳಿಗಾಲದಲ್ಲಿ ನಾವು ಪಡೆದ ಸಲಹಾ ಸೇವೆಯ ಬಗ್ಗೆ ಈ ಬರಹ. ಮೆಚ್ಚುಗೆಯ ಜೊತೆಗೆ ಒಂದು ದೂರೂ ಇರುವುದರಿಂದ ಕಚೇರಿಯ ಹೆಸರನ್ನು ಹೇಳುವುದಿಲ್ಲ. 2011ರಲ್ಲಿ ನಾಲ್ಕು ವರ್ಷದ ಮಗಳನ್ನು ಎಚ್-4 ವೀಸಾದ (ಎಚ್-1ಬಿ ಉದ್ಯೋಗ ವೀಸಾದವರ ಸಂಗಾತಿ, ಮಕ್ಕಳಿಗೆ ಸಿಗುವ ಅವಲಂಬಿತ ವೀಸಾ) ಮೇಲೆ ಅಮೆರಿಕಕ್ಕೆ ಕರೆತಂದೆವು. ಈಗ ಅವಳಿಗೆ ಹದಿನೆಂಟು. ಇಪ್ಪತ್ತೊಂದು ತುಂಬಿದ ದಿನ ಅವಳು ನನ್ನ ಎಚ್-1ಬಿಯ ಆಸರೆಯಿಂದ ಹೊರಬೀಳುತ್ತಾಳೆ. ಉದ್ಯೋಗ ಆಧಾರಿತ ಗ್ರೀನ್ ಕಾರ್ಡ್‌ಗಳಲ್ಲಿ ಒಂದು ದೇಶದಲ್ಲಿ ಹುಟ್ಟಿದವರಿಗೆ ಸಾಮಾನ್ಯವಾಗಿ ವರ್ಷಕ್ಕೆ ಶೇ. 7ರ ಮಿತಿ ಇರುವುದರಿಂದ, ಭಾರತೀಯರ ಸಾಲು ಅಷ್ಟರೊಳಗೆ ನಮ್ಮವರೆಗೆ ಸರಿಯುವ ಲಕ್ಷಣವಿಲ್ಲ.

ಕಚೇರಿಯನ್ನು ಸೂಚಿಸಿದವನು ನನ್ನ ಸಹೋದ್ಯೋಗಿ. ಆರನೇ ವಯಸ್ಸಿನಲ್ಲಿ ಮೆಕ್ಸಿಕೊದಿಂದ ಕರೆತರಲಾದ ಅವನು ಡಾಕಾ (ಚಿಕ್ಕಂದಿನಲ್ಲಿ ಬಂದು ದಾಖಲೆಯಿಲ್ಲದೆ ಉಳಿದವರಿಗೆ ಗಡೀಪಾರಿನಿಂದ ತಾತ್ಕಾಲಿಕ ರಕ್ಷಣೆ, ಕೆಲಸದ ಅನುಮತಿ ಕೊಡುವ ವ್ಯವಸ್ಥೆ) ಪರವಾನಗಿಯ ಮೇಲೆ ದುಡಿಯುತ್ತಿದ್ದಾನೆ, ಎರಡು ವರ್ಷಕ್ಕೊಮ್ಮೆ ಅದನ್ನು ಇಲ್ಲಿಯೇ ನವೀಕರಿಸುತ್ತಾನೆ. ಒಂದು ಗಂಟೆಯ ಭೇಟಿಗೆ 250 ಡಾಲರ್. ಮುಂಗಡವಾಗಿ ಐ-94 (ದೇಶ ಪ್ರವೇಶದ ದಾಖಲೆ), ಐ-797 (ವಲಸೆ ಇಲಾಖೆಯ ಸೂಚನಾ ಪತ್ರ) ಪ್ರತಿಗಳು, ಜನನ ಪ್ರಮಾಣಪತ್ರ ಎಲ್ಲವನ್ನೂ ಕಳುಹಿಸಲು ಹೇಳಿದ್ದರು. ನಿಜಕ್ಕೂ ಅವನ್ನು ಓದಿಕೊಂಡೇ ಕುಳಿತಿದ್ದರು ಎಂಬುದು ಮೊದಲ ಐದು ನಿಮಿಷದಲ್ಲೇ ತಿಳಿಯಿತು. ಹಿಂದೆ ಬೇರೆಡೆ ನಮ್ಮದೇ ಕಾಗದಗಳನ್ನು ನಾವೇ ವಕೀಲರಿಗೆ ವಿವರಿಸಿ ಹಣ ಕೊಟ್ಟು ಬಂದದ್ದುಂಟು.

ನನ್ನ ಹೆಂಡತಿ ಕೇಳಿದ ಮೊದಲ ಪ್ರಶ್ನೆ ಡಾಕಾ ನಮ್ಮ ಮಗಳಿಗೆ ಏಕೆ ಸಿಗದು ಎಂಬುದು. ಕಿರಿಯ ವಕೀಲೆಯೊಬ್ಬರು ಸುತ್ತುಬಳಸದೆ ಉತ್ತರಿಸಿದರು. ಒಬಾಮಾ ಆಡಳಿತ 2012ರ ಜೂನ್ 15ರಂದು ಪ್ರಕಟಿಸಿದ ಆ ವ್ಯವಸ್ಥೆಗೆ ಅರ್ಹರಾಗಲು ಹದಿನಾರು ತುಂಬುವ ಮುಂಚೆ ಬಂದಿರಬೇಕು, 2007ರ ಜೂನ್ 15ರಿಂದ ಎಡೆಬಿಡದೆ ಇಲ್ಲಿ ನೆಲೆಸಿರಬೇಕು, ಜೊತೆಗೆ ಪ್ರಕಟಣೆಯ ದಿನ ಯಾವುದೇ ಕಾನೂನುಬದ್ಧ ವಾಸದ ಸ್ಥಿತಿ ಇರಬಾರದು. ನಮ್ಮ ಮಗಳು ಬಂದದ್ದು ತಡವಾಗಿ. ಬೇಗ ಬಂದಿದ್ದರೂ ಆ ದಿನ ಅವಳ ಕೈಯಲ್ಲಿ ಊರ್ಜಿತ ಎಚ್-4 ಇತ್ತು. ಅಂದರೆ ಕಾಗದಪತ್ರ ಸರಿಯಾಗಿದ್ದದ್ದೇ ಅನರ್ಹತೆಗೆ ಒಂದು ಕಾರಣ. ‘ಕಾನೂನು ಮುರಿದವರಿಗೆ ಬಹುಮಾನ ಬೇಡ’ ಎನ್ನುವ ರಾಜಕಾರಣಿಗಳು ಮುರಿಯದವರ ಮಕ್ಕಳನ್ನು ನೆನೆಯುವುದು ಅಪರೂಪ. ‘ಮಕ್ಕಳದೇನು ತಪ್ಪು’ ಎನ್ನುವವರ ಕಣ್ಣಿಗೂ ಮೊದಲು ಬೀಳುವುದು ದಾಖಲೆಯಿಲ್ಲದ ಮಕ್ಕಳೇ. ಇದು ನನ್ನ ಮಾತು, ವಕೀಲೆಯದಲ್ಲ. ಅವರು ಯಾವ ಪಕ್ಷದ ಕಡೆಗೂ ವಾಲದೆ ಮಾತನಾಡಿದ್ದು ನನಗೆ ಹಿಡಿಸಿತು.

ಕೊಟ್ಟ ಹಣ ಸಾರ್ಥಕವೆನಿಸಿದ್ದು ವಯಸ್ಸಿನ ಲೆಕ್ಕ ಮಾಡಿಕೊಟ್ಟಾಗ. 2002ರ ಮಕ್ಕಳ ಸ್ಥಿತಿ ಸಂರಕ್ಷಣಾ ಕಾಯ್ದೆಯ ಪ್ರಕಾರ, ವೀಸಾ ಸಂಖ್ಯೆ ಲಭ್ಯವಾದ ದಿನ, ಅಂದರೆ ಗ್ರೀನ್ ಕಾರ್ಡ್ ಸಾಲಿನಲ್ಲಿ ಸರದಿ ಬಂದ ದಿನ, ಮಗುವಿಗಿರುವ ವಯಸ್ಸಿನಿಂದ ಉದ್ಯೋಗದಾತರು ನೌಕರನ ಗ್ರೀನ್ ಕಾರ್ಡ್‌ಗಾಗಿ ಸಲ್ಲಿಸಿದ ಐ-140 ಅರ್ಜಿ ಇತ್ಯರ್ಥವಾಗದೆ ಉಳಿದಿದ್ದ ದಿನಗಳನ್ನು ಕಳೆಯಬಹುದು. ನನ್ನ ಹಳೆಯ ಕಂಪನಿ ಪ್ರೀಮಿಯಂ ಶುಲ್ಕ ಕಟ್ಟಿ ಹನ್ನೊಂದೇ ದಿನಗಳಲ್ಲಿ ಒಪ್ಪಿಗೆ ತರಿಸಿತ್ತು. ಆಗ ಸಿಹಿ ಹಂಚಿದ್ದೆವು. ಈಗ ನೋಡಿದರೆ ಮಗಳ ವಯಸ್ಸಿನಿಂದ ಕಳೆಯಲು ಸಿಗುವುದೂ ಆ ಹನ್ನೊಂದೇ ದಿನ. ಅರ್ಜಿ ವರ್ಷಗಟ್ಟಲೆ ಕೊಳೆತಿದ್ದರೆ ಅವಳಿಗೆ ಒಳ್ಳೆಯದಾಗುತ್ತಿತ್ತು! ಸಾಲದ್ದಕ್ಕೆ, 2023ರ ಫೆಬ್ರವರಿಯಿಂದ ಈ ಲೆಕ್ಕಕ್ಕೆ, ಸರದಿ ಎಲ್ಲಿಗೆ ಬಂದಿದೆ ಎಂದು ಸರ್ಕಾರ ತಿಂಗಳಿಗೊಮ್ಮೆ ತಿಳಿಸುವ ವೀಸಾ ಬುಲೆಟಿನ್‌ನ ಎರಡು ಪಟ್ಟಿಗಳ ಪೈಕಿ ಅರ್ಜಿ ಸಲ್ಲಿಕೆಯ ದಿನಾಂಕಗಳ ಪಟ್ಟಿಯನ್ನು ಬಳಸಲಾಗುತ್ತಿತ್ತು. 2025ರ ಆಗಸ್ಟ್ 15ರಿಂದ ಹೊಸ ಅರ್ಜಿಗಳಿಗೆ ಮತ್ತೆ ಅಂತಿಮ ಕ್ರಮದ ಪಟ್ಟಿಯೇ ಆಧಾರ, ಅದು ಹೆಚ್ಚಾಗಿ ಹಿಂದೆಯೇ ಇರುವಂಥದ್ದು. ಎರಡೂ ಲೆಕ್ಕಗಳನ್ನು ಒಂದೇ ಹಾಳೆಯಲ್ಲಿ ಬರೆದುಕೊಟ್ಟರು. ಎರಡರಲ್ಲೂ ನಮಗೆ ಕಾಲ ಸಾಲದು. ಹಾಗಾಗಿ ಇಪ್ಪತ್ತೊಂದು ತುಂಬುವುದಕ್ಕೆ ಸಾಕಷ್ಟು ಮುಂಚೆಯೇ ಎಫ್-1 ವಿದ್ಯಾರ್ಥಿ ಸ್ಥಿತಿಗೆ ಅರ್ಜಿ ಹಾಕಬೇಕು. ಆದರೆ ಅದಕ್ಕೆ ಇಲ್ಲೇ ನೆಲೆಸುವ ಉದ್ದೇಶವಿಲ್ಲವೆಂದು ತೋರಿಸಬೇಕಾದ್ದರಿಂದ ಮನೆಯವರ ಗ್ರೀನ್ ಕಾರ್ಡ್ ಪ್ರಯತ್ನವೇ ತೊಡಕಾದೀತು ಎಂದು ಎಚ್ಚರಿಸಿದರು.

ಇಷ್ಟಕ್ಕೆ ನಿಲ್ಲಿಸಿದ್ದರೆ ಐದಕ್ಕೆ ಐದು ಅಂಕ ಕೊಡುತ್ತಿದ್ದೆ. ಎದ್ದು ಹೊರಡುವಾಗ ಹಿರಿಯ ವಕೀಲರು ಒಳಬಂದು, ಸಂಸತ್ತಿನ ಮಸೂದೆಗಳ ಮೇಲೆ ಕಣ್ಣಿಟ್ಟು ತಿಳಿಸುವ ಯೋಜನೆಯೊಂದಿದೆ, ತಿಂಗಳಿಗೆ 40 ಡಾಲರ್, ‘ಈ ಬಾರಿ ಏನಾದರೂ ಆಗಿಯೇ ಆಗುತ್ತದೆ’ ಎಂದರು. ಹೆತ್ತವರ ದುರ್ಬಲ ಗಳಿಗೆ ಅದು, ಸಹಿ ಹಾಕಿದೆವು. ಮನೆಗೆ ಬಂದು ಇತಿಹಾಸ ತಿರುವಿದರೆ ನಾಚಿಕೆಯಾಯಿತು. ಡಿಕ್ ಡರ್ಬಿನ್ ಮತ್ತು ಆರಿನ್ ಹ್ಯಾಚ್ ಎಂಬ ಎರಡು ಪಕ್ಷಗಳ ಸೆನೆಟರ್‌ಗಳು ದಾಖಲೆಯಿಲ್ಲದೆ ಇಲ್ಲಿ ಬೆಳೆದ ಮಕ್ಕಳಿಗೆ ಕಾಯಂ ವಾಸದ ದಾರಿ ತೆರೆಯುವ ಡ್ರೀಮ್ ಆಕ್ಟ್ ಮಂಡಿಸಿದ್ದು 2001ರಲ್ಲಿ. 2010ರ ಡಿಸೆಂಬರ್‌ನಲ್ಲಿ ಕೆಳಮನೆ ದಾಟಿದ ಮಸೂದೆ, ಸೆನೆಟ್‌ನಲ್ಲಿ 60 ಮತ ಬೇಕಿದ್ದಲ್ಲಿ 55ಕ್ಕೆ ನಿಂತಿತು. 2021ರ ಮಾರ್ಚ್‌ನಲ್ಲಿ ಕೆಳಮನೆ ಇನ್ನೊಂದನ್ನು 228–197ರಲ್ಲಿ ಅಂಗೀಕರಿಸಿತು. ಅದೂ ಸೆನೆಟ್ ದಾಟಲಿಲ್ಲ. ನಮ್ಮ ಮಗಳಂಥವರಿಗೆಂದೇ ಅಲೆಕ್ಸ್ ಪಡಿಲ್ಲಾ ಮತ್ತು ರಾಂಡ್ ಪಾಲ್ ಜೊತೆಗೂಡಿ ಮುಂದಿಟ್ಟ ಅಮೆರಿಕಾಸ್ ಚಿಲ್ಡ್ರನ್ ಆಕ್ಟ್ ಕೂಡ ಕಾಯ್ದೆಯಾಗಿಲ್ಲ. ಈ ದಾಖಲೆಯನ್ನು ಬಲ್ಲ ವಕೀಲರು ‘ಆಗಿಯೇ ಆಗುತ್ತದೆ’ ಎನ್ನಬಾರದಿತ್ತು. ಮೂರು ತಿಂಗಳಲ್ಲಿ ನಮಗೆ ಬಂದ ನಾಲ್ಕು ಮಿಂಚಂಚೆಗಳಲ್ಲಿ ಪತ್ರಿಕೆಗಳಲ್ಲಿ ಇಲ್ಲದ ಒಂದು ಸಾಲೂ ಇರಲಿಲ್ಲ.

ಡಾಕಾ ನವೀಕರಣಕ್ಕೆ ಹೋಗುವವರಿಗೆ ಮಾತ್ರ ಈ ಕಚೇರಿಯನ್ನು ಅನುಮಾನವಿಲ್ಲದೆ ಸೂಚಿಸುತ್ತೇನೆ. ಸಹೋದ್ಯೋಗಿಗೆ ಅವಧಿ ಮುಗಿಯುವ ಐದು ತಿಂಗಳ ಮುಂಚೆಯೇ ನೆನಪಿಸಿದ್ದರು. 2024ರ ಏಪ್ರಿಲ್‌ನಿಂದ ಸರ್ಕಾರಿ ಶುಲ್ಕ ಕಾಗದದಲ್ಲಿ ಸಲ್ಲಿಸಿದರೆ 605, ಆನ್‌ಲೈನ್‌ನಲ್ಲಾದರೆ 555 ಡಾಲರ್ ಎಂದು ತಿಳಿಸಿ 50 ಡಾಲರ್ ಉಳಿಸಿಕೊಟ್ಟರು. ಟೆಕ್ಸಾಸ್‌ನಲ್ಲಿ ಒಳ್ಳೆಯ ಕೆಲಸ ಸಿಕ್ಕಿದೆ ಎಂದು ಅವನು ಹೇಳಿದಾಗ, 2025ರ ಜನವರಿಯಲ್ಲಿ ಐದನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ ಕೊಟ್ಟ ತೀರ್ಪಿನಿಂದಾಗಿ ಆ ರಾಜ್ಯದಲ್ಲಿ ಡಾಕಾದ ಉದ್ಯೋಗ ಪರವಾನಗಿಗೇ ಕುತ್ತು ಬರಬಹುದೆಂದು ತಡೆದವರೂ ಇವರೇ.

ನನ್ನ ಅಂಕ ಐದಕ್ಕೆ ಮೂರೂವರೆ. ಹೋಗುವುದಾದರೆ ಕಿರಿಯ ವಕೀಲೆಯನ್ನೇ ಕೇಳಿ ಸಮಯ ಗೊತ್ತುಮಾಡಿಕೊಳ್ಳಿ, ಐ-140 ಸಲ್ಲಿಸಿದ ದಿನ ಮತ್ತು ಒಪ್ಪಿಗೆಯಾದ ದಿನ ಎರಡನ್ನೂ ಹಿಡಿದುಕೊಂಡು ಹೋಗಿ, ಮಾಸಿಕ ಯೋಜನೆಗೆ ಸಹಿ ಹಾಕಬೇಡಿ. ನಮ್ಮದನ್ನು ರದ್ದುಪಡಿಸಲು ಎರಡು ಪತ್ರ ಬರೆಯಬೇಕಾಯಿತು. ಕೊನೆಯ ತಿಂಗಳ 40 ಡಾಲರ್ ಇನ್ನೂ ವಾಪಸು ಬಂದಿಲ್ಲ.