ಕೇಪ್ ಟೌನ್‌ಗೆ ಹೋದರೆ ಗ್ರೂಟ್ ಕಾನ್‌ಸ್ಟಾನ್ಷಿಯಾಕ್ಕೆ ಅರ್ಧ ದಿನ ಇಟ್ಟುಕೊಳ್ಳಿ

ನಮ್ಮ ಟೂರ್‌ನವರು ಈ ದ್ರಾಕ್ಷಿ ತೋಟಕ್ಕೆ ಕೊಟ್ಟದ್ದು ಒಂದೇ ಗಂಟೆ. ವೈನ್ ರುಚಿ ನೋಡಿ, ಫೋಟೋ ತೆಗೆದು, ಬಸ್ ಹತ್ತಿದ್ದಾಯಿತು. ನನಗೆ ಸಮಾಧಾನ ಆಗಲೇ ಇಲ್ಲ. ಮರುದಿನ ಟ್ಯಾಕ್ಸಿ ಮಾಡಿಕೊಂಡು ಅಮ್ಮನನ್ನೂ ಕರೆದುಕೊಂಡು ಮತ್ತೆ ಹೋದೆ.

ದಕ್ಷಿಣ ಆಫ್ರಿಕಾದ ಅತಿ ಹಳೆಯ ವೈನ್ ತೋಟ ಇದು. 1685ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಸೈಮನ್ ವ್ಯಾನ್ ಡರ್ ಸ್ಟೆಲ್‌ಗೆ ಸಿಕ್ಕ ಜಾಗ. ದೊಡ್ಡ ಮನೆಗೆ ಹುಲ್ಲಿನ ಮಾಡು, ದಪ್ಪ ಗೋಡೆ, ಬಿಳಿ ಸುಣ್ಣ. 1925ರಲ್ಲಿ ಬೆಂಕಿ ಬಿದ್ದು ಸುಟ್ಟುಹೋದದ್ದನ್ನು ಹಳೆಯ ರೂಪಕ್ಕೇ ತಂದು ನಿಲ್ಲಿಸಿದ್ದಾರೆ. ಹಿಂದುಗಡೆ 1791ರ ವೈನ್ ಉಗ್ರಾಣ ಉಂಟು. ಅದರ ನೆತ್ತಿಯಲ್ಲಿ ಶಿಲ್ಪಿ ಆಂಟನ್ ಆನ್ರೀತ್ ಮಾಡಿದ ಗಾರೆ ಕೆಲಸ, ಗುಂಡು ಗುಂಡು ಮಕ್ಕಳು ಆಡುತ್ತಿರುವ ಹಾಗೆ. ಅಮ್ಮ ಅದರ ಕೆಳಗೆ ನಿಂತು ಎಷ್ಟು ಹೊತ್ತಾದರೂ ಕದಲಲಿಲ್ಲ.

ಇಲ್ಲಿ ಸಿಹಿ ವೈನ್ ಗ್ರಾಂಡ್ ಕಾನ್‌ಸ್ಟಾನ್ಸ್ ಕುಡಿಯದೆ ಬರಬೇಡಿ. ಮಸ್ಕಟ್ ದ್ರಾಕ್ಷಿಯನ್ನು ಬಳ್ಳಿಯಲ್ಲೇ ಸುಕ್ಕುಗಟ್ಟಲು ಬಿಟ್ಟು, ನೀರಿನಂಶ ಇಳಿದ ಮೇಲೆ ಕೊಯ್ಯುತ್ತಾರೆ, ಸಿಹಿ ಬರುವುದು ಅದರಿಂದಲೇ. ಸೇಂಟ್ ಹೆಲೆನಾ ದ್ವೀಪದಲ್ಲಿ ಸೆರೆಯಲ್ಲಿದ್ದ ನೆಪೋಲಿಯನ್‌ಗೆ ಕಾನ್‌ಸ್ಟಾನ್ಷಿಯಾದ ಸಿಹಿ ವೈನ್ ಹೋಗುತ್ತಿತ್ತು. ಗ್ಲಾಸ್ ಮೂಗಿನ ಹತ್ತಿರ ತಂದಾಗ ನನಗೆ ನೆನಪಾದದ್ದು ಮಾತ್ರ ಮಂಗಳೂರಿನ ಬೆಂದೂರಿನಲ್ಲಿರುವ ನಮ್ಮ ನೆರೆಮನೆ ಬಾಯಮ್ಮನ ಭರಣಿ. ಕ್ರಿಸ್ಮಸ್‌ಗೆ ತಿಂಗಳ ಮೊದಲೇ ದ್ರಾಕ್ಷಿ, ಸಕ್ಕರೆ, ಗೋಧಿ, ಲವಂಗ ಹಾಕಿ ಬಟ್ಟೆ ಕಟ್ಟಿಟ್ಟು, ದಿನಾ ಮರದ ಸೌಟಿನಲ್ಲಿ ತಿರುವುತ್ತಾರಲ್ವಾ, ಆ ಬಟ್ಟೆ ಬಿಚ್ಚಿದಾಗ ಬರುವ ಪರಿಮಳ!

ಆದರೆ ನಾನು ಎರಡನೇ ಸಲ ಹೋದದ್ದು ವೈನ್‌ಗಾಗಿ ಅಲ್ಲ. ಈ ತೋಟದಲ್ಲಿ ದುಡಿದವರು ಗುಲಾಮರು. ಕೇಪ್‌ಗೆ ಹಡಗಿನಲ್ಲಿ ತಂದವರಲ್ಲಿ ನಮ್ಮ ದೇಶದವರೂ ಇದ್ದರು, ಬಂಗಾಳದಿಂದ, ಕೋರಮಂಡಲದಿಂದ, ಮಲಬಾರಿನಿಂದ. ಅವರ ಸ್ವಂತ ಹೆಸರು ತೆಗೆದು ಬೇರೆ ಯಾವುದೋ ಹೆಸರಿಟ್ಟು, ಅದರ ಮುಂದೆ 'ವ್ಯಾನ್ ಮಲಬಾರ್', 'ವ್ಯಾನ್ ಬೆಂಗಾಲೆನ್', ಅಂದರೆ ಮಲಬಾರಿನ, ಬಂಗಾಳದ ಎಂದು ಬರೆದುಕೊಳ್ಳುತ್ತಿದ್ದರು. ಮಲಬಾರ್ ಅಂದರೆ ಎಷ್ಟು ದೂರ? ಮಂಗಳೂರಿನಿಂದ ತಲಪಾಡಿ ದಾಟಿ ಹೋದರೆ ಬರುವ ಕರಾವಳಿ, ಅದೇ ಕಡಲು. ಗುಲಾಮಗಿರಿ ಕೇಪ್‌ನಲ್ಲಿ ಕಾನೂನಿನ ಪ್ರಕಾರ ಕೊನೆಯಾದದ್ದು 1834ರಲ್ಲಿ. ತೋಟದ ಮ್ಯೂಸಿಯಂನಲ್ಲಿ ಈ ಕತೆಗೂ ಜಾಗ ಕೊಟ್ಟಿದ್ದಾರೆ, ದಯವಿಟ್ಟು ನಿಂತು ಓದಿ. ಅದನ್ನು ಓದಿ ಹೊರಗೆ ಬಂದ ಮೇಲೆ ಆ ಸಾಲು ಸಾಲು ಬಳ್ಳಿ ನನಗೆ ಮೊದಲಿನ ಹಾಗೆ ಕಾಣಲಿಲ್ಲ.

ಫೆಬ್ರವರಿ-ಮಾರ್ಚ್ ಕೊಯ್ಲಿನ ಕಾಲ, ಆಗಲೇ ಹೋಗಿ. ಬಿಸಿಲು ಜಾಸ್ತಿ, ಟೋಪಿ ಬೇಕು. ವೈನ್ ಮುಟ್ಟದವರಿಗೂ ನೋಡಲು ಬೇಕಾದಷ್ಟು ಉಂಟು, ನಮ್ಮ ಅಮ್ಮ ಒಂದು ಹನಿಯೂ ಕುಡಿಯಲಿಲ್ಲ.

ಒಂದು ಬಾಟಲಿ ತಂದು ಬಾಯಮ್ಮನಿಗೆ ಕೊಟ್ಟೆ. ಒಂದು ಗುಟುಕು ಕುಡಿದು, "ಸಕ್ಕರೆ ಎಷ್ಟು ಹಾಕ್ತಾರಂತೆ?" ಅಂತ ಕೇಳಿದರು. ದ್ರಾಕ್ಷಿಯದ್ದೇ ಸಿಹಿ ಅಂದೆ. ಅವರು ಗ್ಲಾಸನ್ನು ಕಿಟಕಿಯ ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದರು.